ಗಿರಿಗಳ ಉದ್ಯೋಗಪರ್ವ

ಮಲೆನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ಗುಡ್ಡವೆಂಬುದು ವಿಶೇಷ ವಸ್ತುವಲ್ಲ. ಮನೆಯ ಹಿಂದೊಂದು, ಗದ್ದೆಯ ಆಚೆಗೊಂದು, ಶಾಲೆಯ ದಾರಿಯಲ್ಲಿ ಎರಡು, ಹೀಗೆ ಹೇಳುವವರು ಕೇಳುವವರಿಲ್ಲದೆ ಬಿದ್ದುಕೊಂಡಿರುವ ಅವುಗಳಲ್ಲಿ ಎಷ್ಟೋ ಗುಡ್ಡಗಳಿಗೆ ಸರಿಯಾದ ನಾಮಕರಣವೂ ಆಗಿರುವುದಿಲ್ಲ; ಮಳೆಗಾಲದಲ್ಲಿ ಮಂಜು ಹೊದ್ದು ಮಲಗುವುದು, ಬೇಸಗೆಯಲ್ಲಿ ದನಗಳಿಗೆ ಬೆನ್ನೊಡ್ಡುವುದು, ಇವೆರಡರ ಹೊರತು ಮತ್ತೊಂದು ಕರ್ತವ್ಯವನ್ನು ಅವಕ್ಕೆ ಯಾರೂ ವಿಧಿಸಲಿಲ್ಲ, ಅವು ತಾವಾಗಿ ಬಯಸಲೂ ಇಲ್ಲ. ನಿರುದ್ಯೋಗವನ್ನು ಇಷ್ಟು ಗಾಂಭೀರ್ಯದಿಂದ ನಿರ್ವಹಿಸುವ ಮತ್ತೊಂದು ವರ್ಗವನ್ನು ನಾನು ಕಂಡಿರುವುದು ನಮ್ಮೂರಿನ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮಾತ್ರ.

ಪೂರ್ವಸಮುದ್ರದ ಕಡೆಯ ವ್ಯವಸ್ಥೆಯೇ ಬೇರೆ. ಕೃಷ್ಣಾ ಗೋದಾವರಿಗಳ ಬಯಲಿನಲ್ಲಿ ಕಣ್ಣು ಹರಿಯುವಷ್ಟು ದೂರವೂ ಬತ್ತದ ಗದ್ದೆ. ಆ ಸಮತಲದ ನಡುವೆ ಒಂದು ಗುಡ್ಡ ತಲೆಯೆತ್ತಿತೆಂದರೆ ಅದನ್ನು ಸುಮ್ಮನೆ ಕೂರಗೊಡುವಷ್ಟು ಔದಾರ್ಯ ಅಲ್ಲಿಯ ಜನಕ್ಕೆ ಇದ್ದಂತೆ ತೋರುವುದಿಲ್ಲ. ಒಂದಕ್ಕೆ ದೇವಿಯನ್ನು ಹೊರುವ ಕೆಲಸ, ಒಂದಕ್ಕೆ ದೀಪ ಹಿಡಿದು ನಿಲ್ಲುವ ಕೆಲಸ, ಒಂದಕ್ಕೆ ರಾಷ್ಟ್ರಪಿತನ ಸ್ಮರಣೆಯ ಕೆಲಸ, ಮತ್ತೊಂದಕ್ಕೆ ಮಕ್ಕಳನ್ನು ರೈಲಿನಲ್ಲಿ ಕೂರಿಸಿ ತನ್ನ ಸುತ್ತ ತಿರುಗಿಸುವ ಕೆಲಸ. ವಿಜಯವಾಡದಿಂದ ವಿಶಾಖಪಟ್ಟಣದವರೆಗಿನ ಸುಮಾರು 350 ಕಿಲೋಮೀಟರಿನ ಹಾದಿಯಲ್ಲಿ ಕೈಕಟ್ಟಿ ಕುಳಿತ ಗುಡ್ಡವೊಂದನ್ನು ಹುಡುಕಿ ತೋರಿಸಿದವರಿಗೆ ಊಟ ಹಾಕಿಸಲು ನಾನು ಸಿದ್ಧನಿದ್ದೇನೆ. ಊಟ ಮಾತ್ರ ಗುಂಟೂರಿನ ಖಾರದ್ದಾಗಿರಕೂಡದು.

ಈ ವಿಚಾರವೆಲ್ಲ ನನ್ನ ತಲೆಗೆ ಹತ್ತಿದ್ದು ನನ್ನ ಷಡ್ಡಕನ ದೆಸೆಯಿಂದ. ದಾವಣಗೆರೆಯ ಕಡೆಯವನಾದ ಆತ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರನಾಗಿ ಸೇರಿ, ಅಲ್ಲಿಯ ನೀರು ಕುಡಿದು, ಅಲ್ಲಿಯ ಆವಕಾಯಿ ತಿಂದು, ಈಗ ಆ ಊರಿನವರಿಗಿಂತ ಹೆಚ್ಚಾಗಿ ಆ ಊರಿನವನಾಗಿದ್ದಾನೆ. ಕೈಲಾಸಗಿರಿಯ ಪ್ರಸ್ತಾಪ ಬಂತೆಂದರೆ ಅದು ತನಗೆ ಮಾವನವರಿಂದ ಬಳುವಳಿಯಾಗಿ ಬಂದ ಆಸ್ತಿಯೆಂಬಂತೆ ಮಾತನಾಡುತ್ತಾನೆ. ಅದೇ ಮಾವನವರ ಹಿರಿಯ ಅಳಿಯನಾದ ನನಗೆ ಬಂದದ್ದೇನೆಂಬುದು ಇಲ್ಲಿ ಅಪ್ರಸ್ತುತ. “ಭಾವ, ಬೆಂಗಳೂರಿನಲ್ಲಿದ್ದುಕೊಂಡು ನೀವು ಬೆಟ್ಟ ನೋಡಬೇಕಾದರೆ ಬೆಳಗಿನ ಜಾವ ಎದ್ದು ನಂದಿಗೆ ಓಡಬೇಕು. ಓಡಿದಿರೇ ಅನ್ನಿ, ಅಲ್ಲಿಂದ ಸಮುದ್ರ ಕಾಣುತ್ತದೆಯೇ?” ಎಂದು ಫೋನಿನಲ್ಲಿ ಕೇಳುವನು. ಕಾಣುವುದಿಲ್ಲವೆಂದು ಒಪ್ಪಿಕೊಳ್ಳುವುದರ ಹೊರತು ನನಗೆ ಗತ್ಯಂತರವಿರಲಿಲ್ಲ. ಹೀಗೆ ವರ್ಷಗಟ್ಟಲೆ ಸೋತ ಮೇಲೆ, ಒಂದು ಬೇಸಗೆಯ ರಜೆಯಲ್ಲಿ, ವಿಜಯವಾಡದ ಕನಕದುರ್ಗೆಗೆ ನನ್ನ ಹೆಂಡತಿ ಎಂದೋ ಹೊತ್ತಿದ್ದ ಹರಕೆಯೂ ಇದರೊಡನೆ ಸೇರಿಕೊಂಡು, ನಾವು ರೈಲು ಹತ್ತಿದೆವು.

ವಿಜಯವಾಡಕ್ಕೆ ಮೇ ತಿಂಗಳಲ್ಲಿ ಹೋಗುವವರು ಎರಡೇ ಬಗೆಯವರು: ಹರಕೆ ಹೊತ್ತವರು ಮತ್ತು ಅವರನ್ನು ಮದುವೆಯಾದವರು. ಉಷ್ಣಮಾನ 45 ಡಿಗ್ರಿಯನ್ನು ಮುಟ್ಟುವುದು ಅಲ್ಲಿ ಸುದ್ದಿಯೇ ಅಲ್ಲ. ಕನಕದುರ್ಗೆಯನ್ನು ಹೊತ್ತು ನಿಂತಿರುವ ಇಂದ್ರಕೀಲಾದ್ರಿಯ ಮೇಲೆಯೇ ಅರ್ಜುನನು ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದನೆಂದು ಸ್ಥಳಪುರಾಣ ಹೇಳುತ್ತದೆ. ಕುಮಾರವ್ಯಾಸನ ಅರಣ್ಯಪರ್ವವನ್ನು ಓದಿಸಿ ಕೇಳಿದವರಿಗೂ, ಯಕ್ಷಗಾನದಲ್ಲಿ ಕಿರಾತನ ವೇಷ ಕುಣಿಯುವುದನ್ನು ನಿದ್ದೆಗಣ್ಣಿನಲ್ಲಿ ಬೆಳಗಿನವರೆಗೆ ನೋಡಿದವರಿಗೂ ಆ ಕಥೆಯನ್ನು ಮತ್ತೆ ಹೇಳಬೇಕಾಗಿಲ್ಲ. ಇಂದ್ರಕೀಲ ಹಿಮಾಲಯದಲ್ಲಿದೆಯೆಂದು ವಾದಿಸುವ ಪಂಡಿತರೂ ಇದ್ದಾರೆ. ನಾನು ಬೆಜವಾಡದ, ಅಂದರೆ ಇದೇ ವಿಜಯವಾಡದ, ಪಕ್ಷಕ್ಕೆ ಸೇರಿದವನು. ಪಂಚಾಗ್ನಿಯ ನಡುವೆ ತಪಸ್ಸು ಮಾಡುವವನು ನಾಲ್ಕು ದಿಕ್ಕಿಗೆ ನಾಲ್ಕು ಬೆಂಕಿಗಳನ್ನು ಹೊತ್ತಿಸಿ, ನೆತ್ತಿಯ ಮೇಲಣ ಸೂರ್ಯನನ್ನು ಐದನೆಯದಾಗಿ ಎಣಿಸಿಕೊಳ್ಳಬೇಕೆಂಬುದು ವಿಧಿ. ಹಿಮಾಲಯದ ಹಿಮದಲ್ಲಿ ಆ ನಾಲ್ಕನ್ನು ಉರಿಸುವುದಕ್ಕೆ ಎಷ್ಟು ಗಾಡಿ ಸೌದೆ ಬೇಕಾದೀತು! ಬೆಜವಾಡದಲ್ಲಿ ಐದನೆಯವನೊಬ್ಬನೇ ಮಿಕ್ಕ ನಾಲ್ವರ ಕೆಲಸವನ್ನೂ ಮಾಡಿಕೊಡುತ್ತಾನೆ. ವನವಾಸದಲ್ಲಿದ್ದ ಬಡ ಕ್ಷತ್ರಿಯನು ಯಾವುದನ್ನು ಆರಿಸಿಕೊಂಡಿರಬಹುದೆಂಬುದು ಸುಲಭವಾಗಿ ಊಹಿಸತಕ್ಕ ವಿಷಯ. ಅಲ್ಲದೆ, ಅಷ್ಟು ದಿನ ಇಂದ್ರಿಯನಿಗ್ರಹ ಮಾಡಿದ ತಪಸ್ವಿಯೊಬ್ಬನು ಒಂದು ಹಂದಿಯ ಸಲುವಾಗಿ ಗುರುತು ಪರಿಚಯವಿಲ್ಲದ ಬೇಡನ ಮೇಲೆ ಬಿಲ್ಲೆತ್ತಿ ನಿಂತನೆಂಬುದಕ್ಕೆ ಬಿಸಿಲನ್ನು ಬಿಟ್ಟು ಬೇರೆ ಕಾರಣ ನನಗೆ ಕಾಣದು. ದರ್ಶನದ ಸಾಲಿನಲ್ಲಿ ಕಾಲು ತುಳಿದ ವಿಷಯಕ್ಕೆ ನಾನೂ ಅಂದು ಒಬ್ಬ ಗೃಹಸ್ಥರೊಡನೆ ಕಲಹಕ್ಕೆ ನಿಂತೆನು; ಅವರು ಶಿವನಾಗಿರಲಿಲ್ಲವಾದ ಕಾರಣ ನನಗೆ ಯಾವ ಅಸ್ತ್ರವೂ ಲಭಿಸಲಿಲ್ಲ.

ದರ್ಶನ ಮುಗಿಸಿ ಬೆಟ್ಟದ ಅಂಚಿಗೆ ಬಂದರೆ ಕೆಳಗೆ ಕೃಷ್ಣೆ. ಆಲಮಟ್ಟಿಯಲ್ಲಿ, ನಾರಾಯಣಪುರದಲ್ಲಿ, ರಾಯಚೂರಿನ ಸೀಮೆಯಲ್ಲಿ ನಾನು ಕಂಡಿದ್ದ ಹೊಳೆಯನ್ನು, ಸಮುದ್ರಕ್ಕೆ ಸಮೀಪವಾದ ಆ ವಿಸ್ತಾರದಲ್ಲಿ ಕಂಡಾಗ, ತವರಿನ ಹುಡುಗಿಯನ್ನು ಗಂಡನ ಮನೆಯಲ್ಲಿ ಮೈತುಂಬ ಒಡವೆಯೊಡನೆ ಕಂಡವರಿಗಾಗುವ ಒಂದು ಬಗೆಯ ಸಂಕೋಚ ಉಂಟಾಯಿತು. ಮಹಾಬಲೇಶ್ವರವಿರುವುದು ತಮ್ಮಲ್ಲಿಯಾದ್ದರಿಂದ ಹೆತ್ತವರು ತಾವೆಂದು ಮಹಾರಾಷ್ಟ್ರದವರು ಹೇಳುತ್ತಾರೆ. ಇರಬಹುದು, ನಮ್ಮನ್ನು ಸೋದರಮಾವಂದಿರೆಂದಾದರೂ ಎಣಿಸಬೇಕು. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿಯು ಯಾವ ಮನೆಯವರಿಗೆಷ್ಟೆಂದು ಟಿ.ಎಂ.ಸಿ.ಯ ಲೆಕ್ಕದಲ್ಲಿ ಪಾಲು ಮಾಡಿಕೊಟ್ಟರೂ ಬೀಗರ ನಡುವಣ ಮುನಿಸು ಇಳಿದಿಲ್ಲವಾದ್ದರಿಂದ, ನಾನು ಕೃಷ್ಣೆಯನ್ನು ಬಹಳ ಹೊತ್ತು ದಿಟ್ಟಿಸದೆ, ಯಾರಾದರೂ ಕೇಳಿಯಾರೆಂದು ಊರಿನ ಹೆಸರು ಹೇಳದೆ, ಈಚೆಗೆ ಬಂದೆನು. ಇಂದ್ರಕೀಲಾದ್ರಿಗೆ ಇಲ್ಲಿ ದೇವಿಯ ಸೇವೆಯಲ್ಲದೆ ಇನ್ನೊಂದು ಹೆಚ್ಚುವರಿ ಹೊಣೆಯೂ ಇದೆ. ಈ ಬೆಟ್ಟಕ್ಕೂ ಆಚೆ ದಡದ ಸೀತಾನಗರದ ಗುಡ್ಡಕ್ಕೂ ನಡುವೆ ನದಿ ಇಕ್ಕಟ್ಟಾಗುವುದನ್ನು ಕಂಡು, ಸರ್ ಆರ್ಥರ್ ಕಾಟನ್ನರ ಕಾಲದಲ್ಲಿ, 1852ರಿಂದ 1855ರವರೆಗೆ, ಕ್ಯಾಪ್ಟನ್ ಓರ್ ಎಂಬಾತನು ಅಣೆಕಟ್ಟು ಕಟ್ಟಿಸಿದನು. 1957ರಲ್ಲಿ ಅದರ ಸ್ಥಾನಕ್ಕೆ ಬಂದ ಪ್ರಕಾಶಂ ಬ್ಯಾರೇಜು 1223 ಮೀಟರ್ ಉದ್ದವಾಗಿ ಇಂದಿಗೂ ಕೃಷ್ಣೆಯನ್ನು ತಡೆದು ನಿಲ್ಲಿಸಿ ಕಾಲುವೆಗಳಿಗೆ ಹಂಚುತ್ತಿದೆ. ದೇವಸ್ಥಾನ ಮತ್ತು ನೀರಾವರಿ, ಹೀಗೆ ಎರಡು ಇಲಾಖೆಗಳಲ್ಲಿ ಏಕಕಾಲಕ್ಕೆ ದುಡಿಯುವ ಸಿಬ್ಬಂದಿ ನಮ್ಮಲ್ಲಿ ಅಪರೂಪ.

ಹೊಳೆಯಾಚೆ ಮಂಗಳಗಿರಿ. ಅಲ್ಲಿಯ ನರಸಿಂಹನ ಬಾಯಿಗೆ ಭಕ್ತರು ಬೆಲ್ಲದ ಪಾನಕವನ್ನು ಸುರಿಯುತ್ತಾರೆ. ಎಷ್ಟು ಸುರಿದರೂ ಸ್ವಾಮಿಯು ಅರ್ಧವನ್ನು ಸ್ವೀಕರಿಸಿ ಅರ್ಧವನ್ನು ಹಿಂದಿರುಗಿಸುವನೆಂದು ನಂಬಿಕೆ. ಕೊಟ್ಟದ್ದರಲ್ಲಿ ಅರ್ಧವನ್ನು ರಶೀತಿಯಿಲ್ಲದೆ ಹಿಂದಿರುಗಿಸುವ ಪದ್ಧತಿ ಲೋಕದ ಮಿಕ್ಕ ಕಚೇರಿಗಳಿಗೆ ಏಕೆ ಹರಡಲಿಲ್ಲವೋ ತಿಳಿಯದು.

ಆದರೆ ವಿಜಯವಾಡದ ಗುಡ್ಡಗಳಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ರೈಲು ನಿಲ್ದಾಣದ ಬೆನ್ನಿಗೇ ಎದ್ದಿರುವ ಗಾಂಧಿ ಹಿಲ್. ಈ ಗುಡ್ಡದ್ದು ವಿಚಿತ್ರವಾದ ಸೇವಾಪುಸ್ತಕ. ಅಣೆಕಟ್ಟಿನ ಓರ್ ಸಾಹೇಬನ ಹೆಸರನ್ನು ಹೊತ್ತು ಓರ್ ಹಿಲ್ ಎನಿಸಿಕೊಂಡಿದ್ದ ಇದು, ಸ್ವರಾಜ್ಯ ಬಂದ ಮೇಲೆ ಅನೇಕ ಹಿರಿಯ ಅಧಿಕಾರಿಗಳಂತೆ ಹೊಸ ಸರ್ಕಾರದ ಸೇವೆಗೆ ಸೇರಿ ಖಾದಿ ತೊಟ್ಟಿತು. ಮಹಾತ್ಮರಿಗೂ ಈ ಊರಿಗೂ ಸಂಬಂಧವಿಲ್ಲದಿಲ್ಲ. 1921ರ ಮಾರ್ಚ್ ಕೊನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಬೆಜವಾಡದಲ್ಲಿ ಸೇರಿ, ತಿಲಕ್ ಸ್ವರಾಜ್ಯ ನಿಧಿಗೆ 1 ಕೋಟಿ ರೂಪಾಯಿ, ಕಾಂಗ್ರೆಸ್ಸಿಗೆ 1 ಕೋಟಿ ಸದಸ್ಯರು, ದೇಶದಲ್ಲಿ 20 ಲಕ್ಷ ಚರಕಗಳು ಎಂದು ಸಂಕಲ್ಪಿಸಿದ್ದು, ಪಿಂಗಳಿ ವೆಂಕಯ್ಯನವರು ತಾವು ಕಲ್ಪಿಸಿದ ಬಾವುಟವನ್ನು ಗಾಂಧೀಜಿಯವರ ಮುಂದೆ ಹಿಡಿದದ್ದು, ಎಲ್ಲವೂ ಇಲ್ಲಿಯೇ. ಆ ನೆನಪಿಗೆ ತಕ್ಕಂತೆ ಗುಡ್ಡದ ನೆತ್ತಿಯ ಮೇಲೆ 52 ಅಡಿ ಎತ್ತರದ ಸ್ತೂಪವನ್ನು ನಿಲ್ಲಿಸಿದರು. 1968ರ ಅಕ್ಟೋಬರ್ 6ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ಅದನ್ನು ಅನಾವರಣ ಮಾಡಿದರು. ಗ್ರಂಥಾಲಯವಾಯಿತು, ತಾರಾಲಯವಾಯಿತು. ಇಷ್ಟರಲ್ಲಿ ನಿಲ್ಲಿಸಬಹುದಿತ್ತು. ಆದರೆ ಮಕ್ಕಳಿಗೂ ಏನಾದರೂ ಬೇಡವೇ ಎಂದು ಯಾರೋ ಪುಣ್ಯಾತ್ಮರು ಯೋಚಿಸಿ, ಗುಡ್ಡದ ಸುತ್ತ ಪುಟ್ಟ ರೈಲಿಗೆ ಹಳಿ ಹಾಕಿಸಿದರು.

1909ರಲ್ಲಿ ಬರೆದ ‘ಹಿಂದ್ ಸ್ವರಾಜ್’ ಎಂಬ ಗ್ರಂಥದಲ್ಲಿ ಮಹಾತ್ಮರು ದೇಶವನ್ನು ದರಿದ್ರಗೊಳಿಸಿದ ಮೂರು ಅನಿಷ್ಟಗಳ ಪೈಕಿ ರೈಲನ್ನೇ ಮೊದಲು ಹಿಡಿದು ಥಳಿಸಿದ್ದಾರೆಂಬುದು, ಮಿಕ್ಕವರಿಬ್ಬರು ವಕೀಲರು ಮತ್ತು ವೈದ್ಯರೆಂಬುದು, ಆ ಪುಣ್ಯಾತ್ಮರಿಗೆ ತಿಳಿದಿರಲಿಲ್ಲವೆಂದು ಹೇಳುವುದಕ್ಕಾಗುವುದಿಲ್ಲ, ಅಲ್ಲಿಯೇ ಗ್ರಂಥಾಲಯವಿದೆ. ಕೆಳಗೆ ನೋಡಿದರೆ ದೇಶದ ಅತ್ಯಂತ ಗಡಿಬಿಡಿಯ ಜಂಕ್ಷನ್ನುಗಳಲ್ಲೊಂದು: ಚೆನ್ನೈಯಿಂದ ಹೌರಾಕ್ಕೆ ಹೋಗುವುದು, ದಿಲ್ಲಿಗೆ ಹೋಗುವುದು, ಹೈದರಾಬಾದಿಗೆ ಹೋಗುವುದು, ಎಲ್ಲವೂ ಅಲ್ಲಿ ಕೂಗಿ, ನಿಂತು, ಮತ್ತೆ ಕೂಗಿ ಹೊರಡುತ್ತವೆ. ಮೇಲೆ ಅದರದೇ ಒಂದು ಮರಿ. ನಡುವೆ ಮಹಾತ್ಮ. ಸತ್ಯಾಗ್ರಹಕ್ಕೆ ಸಹನೆಯೇ ಮೂಲವೆಂದು ಸಾರಿದವರ ಸಹನೆಯನ್ನು ಮರಣಾನಂತರವೂ ಪರೀಕ್ಷಿಸುವ ಈ ವ್ಯವಸ್ಥೆಯಲ್ಲಿ ಒಂದು ಸಮಾಧಾನವೆಂದರೆ, ಅವರು ದೂರಿದ ದೊಡ್ಡ ರೈಲುಗಳ ಹಾಗಲ್ಲದೆ, ಮಕ್ಕಳ ರೈಲು ಯಾವ ರೋಗವನ್ನೂ ಯಾವ ಊರಿಗೂ ಒಯ್ಯುವುದಿಲ್ಲ. ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಇಂಥ ರೈಲಿಗೆ ಬಹುಶಃ ಅವರ ಆಕ್ಷೇಪಣೆ ಇರಲಾರದು.

ವಿಜಯವಾಡವನ್ನು ಬಿಟ್ಟ ರೈಲು ಏಲೂರಿನ ಕಡೆಗೆ ತಿರುಗಿದಾಗ ನಾನು ಕಿಟಕಿಗೆ ಮುಖವಿಟ್ಟು ಕುಳಿತೆನು. ಅದು ವೆಂಗಿಯ ನೆಲ. ಆದಿಕವಿ ಪಂಪನ ಪೂರ್ವಿಕರು ಅಲ್ಲಿಂದಲೇ ಹೊರಟು ಬಂದವರು. ಇದನ್ನು ಎದುರಿನ ಸೀಟಿನ ಆಂಧ್ರದ ಮಿತ್ರರಿಗೆ ಹೇಳಿದಾಗ ಅವರು ಬಹಳ ಸಂತೋಷಪಟ್ಟು, ಹಾಗಾದರೆ ಪಂಪನು ತಮ್ಮವನೆಂದರು. ಇಂಥ ಮಾತುಗಳನ್ನು ರೈಲಿನಲ್ಲಿ ಆಡಬಾರದು. ದಾರಿಯುದ್ದಕ್ಕೂ ಅಲ್ಲಲ್ಲಿ ಕಲ್ಲುಗಣಿಗಳಿಗೆ ಸಿಕ್ಕಿದ ಗುಡ್ಡಗಳು ಕಂಡವು, ಕೆಲವು ಅರ್ಧ, ಕೆಲವು ಕಾಲು. ಜಲ್ಲಿಯ ಉದ್ಯೋಗಕ್ಕೆ ಸೇರಿದ ಗುಡ್ಡಕ್ಕೆ ನಿವೃತ್ತಿಯ ವಯಸ್ಸೆಂಬುದಿಲ್ಲ, ಕೆಲಸ ಮುಗಿಯುವ ಹೊತ್ತಿಗೆ ಕೆಲಸಗಾರನೂ ಮುಗಿದಿರುತ್ತಾನೆ. ಅವುಗಳ ವಿಷಯದಲ್ಲಿ ವಿನೋದ ನನಗೆ ಬರುವುದಿಲ್ಲ.

ವಿಶಾಖಪಟ್ಟಣದಲ್ಲಿ ಷಡ್ಡಕನು ಹೂವಿನ ಹಾರವೊಂದನ್ನು ಬಿಟ್ಟು ಮಿಕ್ಕೆಲ್ಲ ಸಿದ್ಧತೆಗಳೊಡನೆ ನಿಲ್ದಾಣದಲ್ಲಿದ್ದನು. ಮನೆಗೆ ಹೋಗುವ ದಾರಿಯಲ್ಲೇ ಗುಡ್ಡಗಳ ಪರಿಚಯ ಆರಂಭವಾಯಿತು. ಸಮುದ್ರದೊಳಕ್ಕೆ ಮೂತಿ ಚಾಚಿರುವುದು ಡಾಲ್ಫಿನ್ಸ್ ನೋಸ್. 1933ರಲ್ಲಿ ತೆರೆದ ಬಂದರಿಗೆ ಅದು ಗೋಡೆಯಾಗಿ ನಿಂತು, ತಲೆಯ ಮೇಲೆ ದೀಪಸ್ತಂಭವನ್ನು ಹೊತ್ತು, ರಾತ್ರಿಪಾಳಿಯಲ್ಲಿ ದುಡಿಯುತ್ತದೆ. ಬಂದರಿನ ಬಾಯಲ್ಲಿ ಸಾಲಾಗಿ ಮೂರು ಗುಡ್ಡಗಳು, ಒಂದರ ಮೇಲೆ ವೆಂಕಟೇಶ್ವರ, ಒಂದರ ಮೇಲೆ ಇಸಾಕ್ ಮದೀನಾ ಎಂಬ ಸಂತರ ದರ್ಗಾ, ಒಂದರ ಮೇಲೆ ಮಾತೆ ಮೇರಿಯ ಇಗರ್ಜಿ. ಮೂವರೂ ಒಂದೇ ಸಮುದ್ರವನ್ನು ನೋಡುತ್ತ, ಒಬ್ಬರ ಗಂಟೆಗೆ ಒಬ್ಬರು ಕಿವಿಗೊಡುತ್ತ, ಹಡಗಿನವರು ಯಾವ ಮತದವರಾದರೂ ಹರಸುವುದಕ್ಕೆ ಅನುಕೂಲವಾಗುವಂತೆ ಕುಳಿತಿದ್ದಾರೆ. ಊರಾಚೆ ಸಿಂಹಾಚಲ. ಅಲ್ಲಿಯ ವರಾಹನರಸಿಂಹನು ವರ್ಷವಿಡೀ ಗಂಧದ ಲೇಪದೊಳಗೆ ಅಡಗಿದ್ದು ಅಕ್ಷಯತೃತೀಯೆಯ ಒಂದು ದಿನ ಮಾತ್ರ ನಿಜರೂಪವನ್ನು ತೋರಿಸುತ್ತಾನೆ. ಗುಡ್ಡವು ಆತನನ್ನು ಹೊರುವುದಲ್ಲದೆ ಬಿಡುವಿನ ವೇಳೆಯಲ್ಲಿ ಅನಾನಸನ್ನೂ ಸಂಪಿಗೆಯನ್ನೂ ಬೆಳೆಯುತ್ತದೆ. ಆಷಾಢದ ಹುಣ್ಣಿಮೆಗೆ ಜನ ಆ ಗುಡ್ಡವನ್ನು 32 ಕಿಲೋಮೀಟರ್ ನಡೆದು ಸುತ್ತುತ್ತಾರೆಂದು ಷಡ್ಡಕ ಹೇಳಿ ನನ್ನ ಹೊಟ್ಟೆಯ ಕಡೆ ನೋಡಿದನು. ನಾನು ಇತಿಹಾಸದ ಕಡೆಗೆ ತಿರುಗಿದೆನು. 1516ರಲ್ಲಿ ಕೃಷ್ಣದೇವರಾಯನು ಕಳಿಂಗದ ದಂಡಯಾತ್ರೆಯಲ್ಲಿ ಇಲ್ಲಿಗೆ ಬಂದು ದೇವರಿಗೆ ಮುತ್ತಿನ ಹಾರವನ್ನೊಪ್ಪಿಸಿ ಶಾಸನ ಬರೆಯಿಸಿದ್ದುಂಟು; ಅದಕ್ಕೂ ಎರಡು ಶತಮಾನಗಳಿಗಿಂತ ಹಿಂದೆ, ಮಧ್ವಾಚಾರ್ಯರ ಶಿಷ್ಯರೂ ಕನ್ನಡದಲ್ಲಿ ದೇವರನಾಮಗಳನ್ನು ಹಾಡಿದವರಲ್ಲಿ ಆದ್ಯರೂ ಆದ ನರಹರಿತೀರ್ಥರು ಈ ಸೀಮೆಯಲ್ಲಿ ರಾಜಕಾರ್ಯವನ್ನು ವಹಿಸಿದ್ದರೆಂದು ಸಿಂಹಾಚಲ ಶ್ರೀಕೂರ್ಮಗಳ ಶಾಸನಗಳಿಂದ ತಿಳಿಯುತ್ತದೆ. ಅಂದಮೇಲೆ ನಮ್ಮವರಿಗೆ ಈ ಊರಿನಲ್ಲಿ ಉದ್ಯೋಗ ಸಿಕ್ಕುವುದು ಉಕ್ಕಿನ ಕಾರ್ಖಾನೆಯಿಂದ ಆರಂಭವಾದದ್ದಲ್ಲ.

ಇನ್ನು ಕೈಲಾಸಗಿರಿ. ಎತ್ತರ 173 ಮೀಟರು. ಇಷ್ಟೆತ್ತರದ್ದನ್ನು ನಮ್ಮ ಕಡೆ ದಿಣ್ಣೆಯೆನ್ನುತ್ತಾರೆಂದು ನಾನು ಹೇಳಲಿಲ್ಲ. ಷಡ್ಡಕನ ಮನೆಯಲ್ಲಿ ರಾತ್ರಿಯೂಟ ಬಾಕಿಯಿತ್ತು. ಹೇಳದಿದ್ದದ್ದೇ ಒಳ್ಳೆಯದಾಯಿತು, ಏಕೆಂದರೆ ಏರತೊಡಗಿದ ಮೇಲೆ ನನಗೊಂದು ನ್ಯಾಯ ಹೊಳೆಯಿತು. ಚಾಮುಂಡಿಬೆಟ್ಟ ಸಾವಿರ ಮೀಟರಿಗೂ ಮಿಕ್ಕು ಎತ್ತರವೆಂದು ನಾವು ಬೀಗುತ್ತೇವಷ್ಟೆ. ಅದರಲ್ಲಿ ಮುಕ್ಕಾಲು ಪಾಲಿನಷ್ಟನ್ನು ಮೈಸೂರಿನ ಪ್ರಸ್ಥಭೂಮಿ ಮೊದಲೇ ಕೊಟ್ಟಿರುತ್ತದೆ, ಬೆಟ್ಟದ ಸ್ವಂತ ಸಂಪಾದನೆ ಮೇಲಿನ ಕಾಲು ಭಾಗ ಮಾತ್ರ. ಅಂದರೆ ನಮ್ಮ ಬೆಟ್ಟಗಳ ಎತ್ತರ ಬಹುಮಟ್ಟಿಗೆ ಪಿತ್ರಾರ್ಜಿತ. ಕೈಲಾಸಗಿರಿಯದು ಸಮುದ್ರಮಟ್ಟದಿಂದಲೇ ಎದ್ದ ಅಪ್ಪಟ ಸ್ವಯಾರ್ಜಿತ. ಆ ಸ್ವಯಾರ್ಜಿತದ ಪ್ರತಿಯೊಂದು ಮೀಟರೂ ನನ್ನ ಮೊಣಕಾಲಿಗೆ ಪ್ರತ್ಯೇಕವಾಗಿ ತಿಳಿಯಿತು. ಮೇಲೇರುವುದಕ್ಕೆ ರಸ್ತೆಯಿದೆ, ರೋಪ್‌ವೇ ಇದೆ, ಮೆಟ್ಟಿಲೂ ಇದೆ. ಹೆಂಗಸರೂ ಮಗುವೂ ರೋಪ್‌ವೇಯ ಡಬ್ಬಿಯಲ್ಲಿ ಕುಳಿತರು. “ಭಾವ, ನಾವು ಗಂಡಸರು ಮೆಟ್ಟಿಲಲ್ಲೇ ಹೋಗೋಣ, ನಿಮಗೂ ಒಳ್ಳೆಯದು,” ಎಂದು ಷಡ್ಡಕ ನಿರ್ಣಯಿಸಿದನು. ಸಮುದ್ರದ ಗಾಳಿಯೆಂದರೆ ತಂಪೆಂದು ತಿಳಿದವರು ಮೇ ತಿಂಗಳಲ್ಲಿ ಆ ಮೆಟ್ಟಿಲುಗಳನ್ನು ಏರಿ ನೋಡಬೇಕು. ಅಲ್ಲಿ ಗಾಳಿಯನ್ನು ಉಸಿರಾಡುವುದಕ್ಕಿಂತ ಕುಡಿಯುವುದು ಸುಲಭ. ಅತ್ತ ಆಕಾಶದಲ್ಲಿ ತೇಲುತ್ತಿದ್ದ ಡಬ್ಬಿಯೊಂದರಿಂದ “ದೊಡ್ಡಪ್ಪಾ, ರಂಡಿ, ರಂಡಿ!” ಎಂಬ ಎಳೆಯ ಕೂಗು ಕೇಳಿಬಂತು. ತೆಲುಗಿನಲ್ಲಿ ಅದು ಬನ್ನಿರೆಂಬ ಗೌರವದ ಆಹ್ವಾನವೆಂದು ನನಗೆ ಗೊತ್ತಿದ್ದರೂ, ಆ ಕೂಗಿಗೆ ಕನ್ನಡದಲ್ಲಿ ಬೆಚ್ಚಿಬಿದ್ದು ಎರಡು ಮೆಟ್ಟಿಲುಗಳನ್ನು ಒಟ್ಟಿಗೇ ಹತ್ತಿದೆನು.

ವಿಶ್ರಾಂತಿಯ ಸ್ಥಳವೆಂಬುದು ಎತ್ತರದಲ್ಲೇ ಇರಬೇಕೆಂದು ಮನುಷ್ಯನಿಗೆ ಯಾರು ಹೇಳಿಕೊಟ್ಟರೋ! ವಾರವಿಡೀ ದುಡಿದು ದಣಿದವನು ಭಾನುವಾರ ದಣಿವಾರಿಸಿಕೊಳ್ಳುವುದಕ್ಕೆಂದು ಬುತ್ತಿ, ನೀರು, ಮಗು, ಮಗುವಿನ ಚಪ್ಪಲಿ ಇಷ್ಟನ್ನೂ ಹೊತ್ತು ಗುಡ್ಡ ಹತ್ತುತ್ತಾನೆ. ಹತ್ತಿದ ಮೇಲೆ ತೇಕುತ್ತ ಅಂಚಿಗೆ ಹೋಗಿ, ಕೆಳಗಣ ಸಾವಿರಾರು ಮನೆಗಳ ನಡುವೆ ತನ್ನ ಮನೆ ಎಲ್ಲಿದೆಯೆಂದು ಹುಡುಕುತ್ತಾನೆ. ಬಿಟ್ಟು ಬಂದದ್ದನ್ನೇ ಕಾಣುವುದಕ್ಕೆ ಇಷ್ಟು ಶ್ರಮ. ನಾವು ಮೇಲೆ ತಲಪಿದಾಗ ಅಂಚಿನ ಉದ್ದಕ್ಕೂ ಇಂಥ ಶೋಧಕರು ಬೆರಳು ಚಾಚಿ ನಿಂತಿದ್ದರು. ಒಬ್ಬ ತಾತ ತನ್ನ ಮನೆಯ ನೀರಿನ ತೊಟ್ಟಿಯನ್ನು ಕಂಡುಹಿಡಿದು ಕೊಲಂಬಸನ ಸಂಭ್ರಮವನ್ನು ಪಟ್ಟನು.

380 ಎಕರೆ ವ್ಯಾಪಿಸಿದ ಈ ಗುಡ್ಡವನ್ನು ಉದ್ಯಾನಕ್ಕೆ ನೇಮಿಸಿದವರು ಹಿಂದೆ ‘ವುಡಾ’ ಎನಿಸಿದ್ದ ನಗರಾಭಿವೃದ್ಧಿ ಪ್ರಾಧಿಕಾರದವರು. ನೇಮಕದ ಆದೇಶದಲ್ಲಿ ಕರ್ತವ್ಯಗಳ ಪಟ್ಟಿ ಉದ್ದವಾಗಿರಬೇಕು. ಹೂವಿನ ಗಡಿಯಾರವಿದೆ; ರಾತ್ರಿ ಊರಿಗೆಲ್ಲ ಕಾಣುವಂತೆ ಬೆಳಗುವ ಶಂಖ ಚಕ್ರ ನಾಮಗಳಿವೆ; ಅವುಗಳ ನೆರೆಯಲ್ಲೇ 40 ಅಡಿ ಎತ್ತರದ ಬಿಳಿಯ ಶಿವಪಾರ್ವತಿಯರು ಕುಳಿತಿದ್ದಾರೆ. ಹರಿಹರರನ್ನು ಒಂದೇ ವಿಗ್ರಹದಲ್ಲಿ ಕಡೆದು ನಿಲ್ಲಿಸಿದ ನಾಡಿನಿಂದ ಬಂದ ನನಗೆ ಈ ಸಹವಾಸ ವಿಚಿತ್ರವೆನಿಸಲಿಲ್ಲ. ವಿಚಿತ್ರವೆನಿಸಿದ್ದು ಶಿವನ ವರ್ಗಾವಣೆ. ಹಿಮವಂತನ ಅಳಿಯನಾಗಿ ಮಾವನ ನೆರೆಯಲ್ಲೇ ಮಂಜಿನಲ್ಲಿ ಸುಖವಾಗಿದ್ದವನನ್ನು, ವ್ಯಾಘ್ರಚರ್ಮದ ಸಮೇತ, ಬಂಗಾಳಕೊಲ್ಲಿಯ ಸೆಕೆಗೆ ಕಳಿಸಿದವರಾರು? ಅಳಿಯಂದಿರು ಮಾವನ ಮನೆಯಿಂದ ಸ್ವಲ್ಪ ದೂರವಿರುವುದು ಕ್ಷೇಮವೆಂಬ ತತ್ತ್ವ ಇದರ ಹಿಂದಿದ್ದರೆ ನನ್ನ ಆಕ್ಷೇಪಣೆಯಿಲ್ಲ. ಅಲ್ಲದೆ, ಸೇವಾಹಿರಿತನವನ್ನು ನೋಡಿದರೆ ಇದು ಹಿಂಬಡ್ತಿಯೂ ಅಲ್ಲ. ಈ ಗುಡ್ಡಗಳ ಕಲ್ಲಿಗೆ ಭೂಶಾಸ್ತ್ರಜ್ಞರು, ಪೂರ್ವಘಟ್ಟದ ಖೊಂಡ ಜನರ ಹೆಸರಿನಿಂದ, ಖೊಂಡಲೈಟ್ ಎಂದು ಹೆಸರಿಟ್ಟಿದ್ದಾರೆ. ಕೊನಾರ್ಕದ ದೇಗುಲದ್ದೂ ಇದೇ ಜಾತಿಯ ಕಲ್ಲು. ಹಿಮಾಲಯ ಏಳಲಾರಂಭಿಸಿ ಸುಮಾರು 5 ಕೋಟಿ ವರ್ಷ. ಈ ಕಲ್ಲಿನ ವಯಸ್ಸನ್ನು ಎಣಿಸುವುದು 100 ಕೋಟಿಯ ಲೆಕ್ಕದಲ್ಲಿ. ಉತ್ತರದ ಕೈಲಾಸ ಹುಟ್ಟುವ ಮೊದಲೇ ಈ ಕೈಲಾಸದ ಕಲ್ಲು ಮುದಿಯಾಗಿತ್ತು. ಮೇಲಧಿಕಾರಿ ಎತ್ತರದಲ್ಲಿರುವುದೂ, ವಯಸ್ಸಾದ ಗುಮಾಸ್ತ ಕೆಳಗೆ ಕುಳಿತು ಮಕ್ಕಳನ್ನು ಆಡಿಸುವುದೂ ಕಚೇರಿಗಳಲ್ಲಿ ಇರುವ ಮಾತೇ.

ಇಷ್ಟೆಲ್ಲ ಭೂಶಾಸ್ತ್ರವನ್ನು ಹೆಂಡತಿಗೆ ವಿವರಿಸುತ್ತಿದ್ದಾಗ ಅವಳು ಶಿವಪಾರ್ವತಿಯರ ಮುಂದೆ ಚಿತ್ರ ತೆಗೆಸಿಕೊಳ್ಳುವವರ ಸಾಲಿನಲ್ಲಿ ನಿಂತಿದ್ದಳು. “ರೀ, ಸ್ವಲ್ಪ ಹಿಂದಕ್ಕೆ ಹೋಗಿ, ಶಿವನ ತಲೆ ಬರುತ್ತಿಲ್ಲ,” ಎಂದಳು. ಶಿವನ ತಲೆ ಬರುವಷ್ಟು ಹಿಂದಕ್ಕೆ ಹೋದರೆ ಹೆಂಡತಿ ಕಾಣುವುದಿಲ್ಲ, ಹೆಂಡತಿ ಕಾಣುವಷ್ಟು ಮುಂದಕ್ಕೆ ಬಂದರೆ ಶಿವನು ಮೊಣಕಾಲಿಗೇ ಮುಗಿದುಹೋಗುತ್ತಾನೆ. ಆಧ್ಯಾತ್ಮಕ್ಕೂ ಸಂಸಾರಕ್ಕೂ ಇರುವ ಈ ಹಳೆಯ ತೊಡಕನ್ನು ನನ್ನ ಮುಂದಿನ ಸಾಲಿನವರಾರೂ ಬಿಡಿಸಿದಂತೆ ಕಾಣಲಿಲ್ಲ.

ಆಮೇಲೆ ಷಡ್ಡಕನು ನಮ್ಮನ್ನು ಹಡಗಿನ ಮುಂಭಾಗದಲ್ಲಿ ನಿಂತಂತೆ ಸಮುದ್ರ ಕಾಣುವ ಒಂದು ಅಟ್ಟಣೆಗೆ ಕರೆದೊಯ್ದನು. ಅದರ ಹೆಸರು ಟೈಟಾನಿಕ್ ವ್ಯೂ ಪಾಯಿಂಟ್. ಪೂರ್ವ ನೌಕಾಪಡೆಯ ಮುಖ್ಯಸ್ಥಾನವಿರುವ ಊರು ಇದು. ವಾಲ್‌ಚಂದ್ ಹೀರಾಚಂದರು, ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದ ಮರುವರ್ಷವೇ, 1941ರಲ್ಲಿ, ಇಲ್ಲಿ ಹಡಗುಕಟ್ಟೆಗೆ ಅಡಿಗಲ್ಲಿಡಿಸಿದರು. ಸ್ವತಂತ್ರ ಭಾರತದ ಮೊದಲ ದೊಡ್ಡ ಹಡಗು ‘ಜಲ ಉಷಾ’ವನ್ನು 1948ರಲ್ಲಿ ನೆಹರೂ ನೀರಿಗಿಳಿಸಿದ್ದು ಈ ಗುಡ್ಡದ ಕಣ್ಣಳತೆಯಲ್ಲೇ. ಅದು ತೇಲಿತು. ಹೀಗಿರುವಾಗ, ತೇಲಿದ ಹಡಗನ್ನು ಬಿಟ್ಟು, 1912ರಲ್ಲಿ ಮೊದಲ ಯಾನದಲ್ಲೇ ಮುಳುಗಿದ ಪರದೇಶದ ಹಡಗೊಂದರ ಹೆಸರನ್ನು ಇಟ್ಟದ್ದೇಕೆಂದು ಕೇಳಿದೆ. “ಜಲ ಉಷಾ ಮೇಲೆ ಯಾರೂ ಸಿನಿಮಾ ತೆಗೆದಿಲ್ಲವಲ್ಲ, ಭಾವ,” ಎಂದನು. ಉತ್ತರ ನಿರಾಕರಿಸುವಂತಿರಲಿಲ್ಲ. ಆ ಅಟ್ಟಣೆಯ ಮೇಲೆ ನವದಂಪತಿಗಳು ಒಬ್ಬರ ಬೆನ್ನಿಗೊಬ್ಬರು ನಿಂತು, ತೋಳು ಚಾಚಿ, ಮುಳುಗುವುದಕ್ಕೆ ಸರದಿಗಾಗಿ ಕಾಯುತ್ತಿದ್ದರು.

ದೃಶ್ಯವನ್ನು ಮಾತ್ರ ಯಾವ ಹೆಸರೂ ಕೆಡಿಸಲಾರದು. ಬಲಕ್ಕೆ ಊರು, ಊರಿನ ತುದಿಗೆ ಡಾಲ್ಫಿನ್ ಮೂತಿ, ಎಡಕ್ಕೆ ಋಷಿಕೊಂಡ, ನಡುವೆ ಭೀಮಿಲಿಯ ಕಡೆಗೆ ಬಳುಕಿ ಹೋಗುವ ದಂಡೆ, ದಂಡೆಯುದ್ದಕ್ಕೂ ಹರಿದು ಬಂದು ಬಂದು ಮಡಿಯುವ ನೊರೆ. ಕಾಲ ಬುಡದಲ್ಲಿ ತೆನ್ನೇಟಿ ಪಾರ್ಕು. 2020ರ ಅಕ್ಟೋಬರಿನ ಬಿರುಗಾಳಿಯಲ್ಲಿ ಬಾಂಗ್ಲಾದೇಶದ ‘ಮಾ’ ಎಂಬ ಸರಕಿನ ಹಡಗೊಂದು ಲಂಗರು ಕಿತ್ತುಕೊಂಡು ಬಂದು ಅಲ್ಲಿಯ ಬಂಡೆಗಳ ಮೇಲೆ ಕುಳಿತು, ಊರಿನವರಿಗೆಲ್ಲ ನೋಡುವುದಕ್ಕೆ ಬೇಕಾದಷ್ಟು ಕಾಲ ಒದಗಿಸಿತು. ಗಾಂಧಿ ಹಿಲ್ಲಿನಂತೆ ಕೈಲಾಸಗಿರಿಗೂ ಒಂದು ಪುಟ್ಟ ರೈಲುಂಟು; ಅದು ಗುಡ್ಡವನ್ನು ಸುತ್ತುವಾಗ ಒಂದು ತಿರುವಿನಲ್ಲಿ ಹಳಿಯ ಕೆಳಗೆ ಭೂಮಿ ಇಳಿದುಹೋಗಿ ಕಿಟಕಿಯ ತುಂಬ ಸಮುದ್ರವೇ ಬಂದು ನಿಲ್ಲುತ್ತದೆ. ಆ ಕ್ಷಣದಲ್ಲಿ ಡಬ್ಬಿಯಲ್ಲಿದ್ದ ಮಕ್ಕಳಿಗಿಂತ ಅಪ್ಪಂದಿರು ಜೋರಾಗಿ ಕೂಗಿದರೆಂಬುದನ್ನು ನಾನು ಪ್ರತ್ಯಕ್ಷ ಕಂಡಿದ್ದೇನೆ.

ಷಡ್ಡಕನ ಬಾಯಿ ಒಮ್ಮೆ ಮಾತ್ರ ನಿಂತದ್ದು 2014ರ ಅಕ್ಟೋಬರ್ 12ರ ನೆನಪು ಬಂದಾಗ. ಅಂದು ಹುದ್‌ಹುದ್ ಚಂಡಮಾರುತ ಗಂಟೆಗೆ 180 ಕಿಲೋಮೀಟರಿನ ವೇಗದಲ್ಲಿ ಊರಿನ ಮೇಲೆಯೇ ಬಂದೆರಗಿತು. ಮರುದಿನ ಬಾಗಿಲು ತೆರೆದು ನೋಡಿದರೆ ಎದುರಿಗೆ ಸದಾ ಹಸಿರಾಗಿದ್ದ ಗುಡ್ಡ ಕಂದುಬಣ್ಣಕ್ಕೆ ತಿರುಗಿತ್ತಂತೆ. ನಿಂತ ಮರಗಳಿಗೆ ಎಲೆಯಿಲ್ಲ, ಎಲೆಯಿದ್ದ ಮರಗಳು ನಿಂತಿಲ್ಲ. ಕರೆಂಟಿಲ್ಲದೆ, ನೀರಿಲ್ಲದೆ, ಫೋನಿಲ್ಲದೆ ಕಳೆದ ಆ ದಿನಗಳಲ್ಲಿ, ನೆರೆಯವರೊಬ್ಬರು ದಿನವೂ ತಾರಸಿಗೆ ಹೋಗಿ ಗುಡ್ಡವನ್ನು ನೋಡಿ ಬರುತ್ತಿದ್ದರೆಂದೂ, ಆಸ್ಪತ್ರೆಯಲ್ಲಿರುವವರನ್ನು ವಿಚಾರಿಸುವ ಧ್ವನಿಯಲ್ಲಿ “ಕೊಂಡ ಹೇಗಿದೆ?” ಎಂದು ಮನೆಯವರು ಅವರನ್ನು ಕೇಳುತ್ತಿದ್ದರೆಂದೂ ಹೇಳಿದನು. ಮಳೆ ಬಿದ್ದು ಮೊದಲ ಹಸಿರು ಮರಳಿದಾಗ ಆ ನೆರೆಯವರ ಮನೆಯಲ್ಲಿ ಪೆಸರಟ್ಟು ಉಪ್ಪಿಟ್ಟು ಮಾಡಿ ಬಿಲ್ಡಿಂಗಿಗೆಲ್ಲ ಹಂಚಿದರಂತೆ. ಆ ಮೇಲೆ ಷಡ್ಡಕನು ಕೈಲಾಸಗಿರಿಯನ್ನು ತನ್ನದೆಂದು ಹೇಳಿಕೊಂಡಾಗ ನಾನು ಮನಸ್ಸಿನಲ್ಲಿಯೂ ತಕರಾರು ಮಾಡಿಲ್ಲ.

ಮರುದಿನದ ತೊಟ್ಲಕೊಂಡ ಅವನ ಪಟ್ಟಿಯಲ್ಲಿರಲಿಲ್ಲ. ನಾನೇ ಹಟ ಹಿಡಿದು ಹೊರಡಿಸಿದೆ. ಭೀಮಿಲಿಯ ರಸ್ತೆಯಲ್ಲಿ, 128 ಮೀಟರ್ ಎತ್ತರದಲ್ಲಿ, ಇದೊಂದು ನಿವೃತ್ತ ಗುಡ್ಡ. ಕ್ರಿಸ್ತಪೂರ್ವದಿಂದ ಕ್ರಿಸ್ತಶಕದ ಆದಿಯವರೆಗೆ ಶತಮಾನಗಟ್ಟಲೆ ಬೌದ್ಧಭಿಕ್ಷುಗಳ ವಿಹಾರವನ್ನು ಹೊತ್ತು ದುಡಿದು, ಅವರು ಹೊರಟುಹೋದ ಮೇಲೆ ತಾನೂ ಪೊದೆ ಹೊದ್ದು ಮಲಗಿತ್ತು. 1970ರ ದಶಕದಲ್ಲಿ ನೌಕಾಪಡೆಯವರು ವಿಮಾನದಲ್ಲಿ ಸಮೀಕ್ಷೆ ಮಾಡುವಾಗ ಮತ್ತೆ ಕಣ್ಣಿಗೆ ಬಿತ್ತು, 1988ರಿಂದ ಅಗೆತ ನಡೆಯಿತು. ರೈಲಿಲ್ಲ, ಗಡಿಯಾರವಿಲ್ಲ, ಬಜ್ಜಿಯಿಲ್ಲ. ಸ್ತೂಪದ ತಳ, ಭಿಕ್ಷುಗಳ ಕೋಣೆಗಳ ಸಾಲು, ಊಟದ ಶಾಲೆ, ಕೆಳಗೆ ಸಮುದ್ರ. ಇವುಗಳ ನಡುವೆ ಬಂಡೆಯಲ್ಲೇ ಕೊರೆದ ತೊಟ್ಟಿಗಳು: ಮಳೆಯ ನೀರನ್ನು ಬಂಡೆಯ ಇಳಿಜಾರಿನಲ್ಲಿ ತೋಡಿದ ಕಾಲುವೆಗಳಿಂದ ತಿರುಗಿಸಿ ಅವುಗಳಲ್ಲಿ ತುಂಬಿಸಿಕೊಂಡು, ಕೆರೆಯಿಲ್ಲದ ಹೊಳೆಯಿಲ್ಲದ ಆ ನೆತ್ತಿಯ ಮೇಲೆ ಒಂದು ಸಂಘಕ್ಕೆ ಸಂಘವೇ ವರ್ಷವಿಡೀ ಬದುಕಿತು. ನಾನು ನಾಗಾರ್ಜುನನ ಕಡೆಗೆ ಮಾತನ್ನು ತಿರುಗಿಸುವಷ್ಟರಲ್ಲಿ ಹೆಂಡತಿ ಒಂದು ತೊಟ್ಟಿಯ ಅಂಚಿನಲ್ಲಿ ಕುಳಿತು, ಕಾಲುವೆಯ ಜಾಡನ್ನು ಕಣ್ಣಿನಿಂದಲೇ ಬಹಳ ದೂರ ಹಿಂಬಾಲಿಸಿ, ಬೇಸಗೆಯಲ್ಲಿ ದಿನಕ್ಕೆರಡು ಟ್ಯಾಂಕರ್ ನೀರು ತರಿಸುವ ನಮ್ಮ ಅಪಾರ್ಟ್‌ಮೆಂಟನ್ನು ನೆನೆದುಕೊಂಡಳು.

“ಸಂಸಾರ ಬಿಟ್ಟ ಸನ್ಯಾಸಿಗಳಿಗೇ ಇಷ್ಟು ಗೊತ್ತಿತ್ತು ನೋಡಿ. ಇದರದೊಂದು ಫೋಟೋ ತೆಗೆದು ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿಗೆ ಕಳಿಸಬೇಕು,” ಎಂದಳು.

ಆ ಸಂಘದ ಕಾರ್ಯದರ್ಶಿ ನಾನೇ ಎಂಬುದು ಅವಳಿಗೆ ತಿಳಿಯದ ವಿಷಯವೇನಲ್ಲ.